ಮಕ್ಕಳ ಲಿವರ್ ಮತ್ತು ಅರಿವಳಿಕೆ: ಟಿಪ್ಪಣಿಗಳು

1
ಲಂಡನ್, 1894. ಮಕ್ಕಳ ವೈದ್ಯ ಲೆನರ್ಡ್ ಗತ್ರಿ ‘ಲ್ಯಾನ್ಸೆಟ್’ನಲ್ಲಿ ಬರೆದರು. ಕ್ಲೋರೋಫಾರ್ಮ್ ಕೊಟ್ಟು ಆಪರೇಷನ್ ಮಾಡಿದ ಕೆಲವು ಮಕ್ಕಳು ಎಚ್ಚರವಾದರು. ಆಮೇಲೆ ವಾಂತಿ ಹತ್ತಿತು. ಕೆಲವೇ ದಿನಗಳಲ್ಲಿ ಸತ್ತರು. ಕೊಯ್ದು ನೋಡಿದರೆ ಲಿವರ್ ತುಂಬ ಕೊಬ್ಬು.

2
ಹಸಿದ ಲಿವರ್‌ಗೆ ಕ್ಲೋರೋಫಾರ್ಮಿನ ಪೆಟ್ಟು ಹೆಚ್ಚು. ಇದು ಗೊತ್ತಾದದ್ದು ತಡವಾಗಿ.

3
ಆಮೇಲೆ ಬಂದ ಅರಿವಳಿಕೆ ಹ್ಯಾಲೋಥೇನ್. 1951ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಚಾರ್ಲ್ಸ್ ಸಕ್ಲಿಂಗ್ ತಯಾರಿಸಿದರು. 1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೈಕೆಲ್ ಜಾನ್‌ಸ್ಟೋನ್ ರೋಗಿಗಳಿಗೆ ಕೊಟ್ಟರು. ಈಥರಿನಂತೆ ಬೆಂಕಿ ಹತ್ತದು, ಗಂಟಲು ಕೆರೆಯದು. ಸಿಹಿ ವಾಸನೆ. ಮಾಸ್ಕ್ ಹಿಡಿದರೆ ಮಗು ಅಷ್ಟಾಗಿ ಕೊಸರಾಡದೆ ನಿದ್ದೆಹೋಗುತ್ತಿತ್ತು.

4
ಬಾಟಲಿ ಕಂದು ಬಣ್ಣದ್ದು. ಮದ್ದು ಕೆಡದಿರಲೆಂದು ಅದಕ್ಕೆ ಥೈಮಾಲ್ ಬೆರೆಸುತ್ತಿದ್ದರು. ಓಮದ ಕಾಳಿನ ಘಾಟು ಇದೇ ಥೈಮಾಲಿನದು. ಹ್ಯಾಲೋಥೇನ್ ಆವಿಯಾಗಿ ಹೋಗುತ್ತದೆ, ಥೈಮಾಲ್ ಯಂತ್ರದಲ್ಲೇ ಉಳಿದು ಅಂಟಾಗುತ್ತದೆ.

5
ಹ್ಯಾಲೋಥೇನ್ ಕೊಟ್ಟ ದೊಡ್ಡವರಲ್ಲಿ ಕಂಡದ್ದು: ಮೊದಲ ಸಲ ಬಹುಮಟ್ಟಿಗೆ ಏನೂ ಆಗದು. ಕೆಲವು ವಾರಗಳಲ್ಲಿ ಮತ್ತೆ ಕೊಟ್ಟರೆ, ಅಪರೂಪಕ್ಕೊಬ್ಬರಿಗೆ ಜ್ವರ, ಆಮೇಲೆ ಕಾಮಾಲೆ. ಅದರಲ್ಲಿ ಸಾವೂ ಉಂಟು. ಇದಕ್ಕೆ ಹ್ಯಾಲೋಥೇನೇ ಕಾರಣವೇ ಎಂದು ತಿಳಿಯಲು ಅಮೆರಿಕದ ವೈದ್ಯರು 1959ರಿಂದ 1962ರವರೆಗಿನ ಎಂಟೂವರೆ ಲಕ್ಷ ಅರಿವಳಿಕೆಗಳ ದಾಖಲೆ ತೆಗೆದು ಕೂತರು.

6
ಒಳಹೋದ ಹ್ಯಾಲೋಥೇನಿನಲ್ಲಿ ಸುಮಾರು ಶೇ. 20ನ್ನು ಲಿವರ್ ಒಡೆಯುತ್ತದೆ. ಒಡೆದ ಚೂರು ಲಿವರಿನ ಪ್ರೋಟೀನಿಗೆ ಅಂಟುತ್ತದೆ. ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದು ಬಗೆದು ಸ್ವಂತ ಲಿವರಿನ ಮೇಲೆ ಬೀಳುತ್ತದೆ.
ಆಮೇಲೆ ಬಂದ ಅರಿವಳಿಕೆಗಳಲ್ಲಿ ಐಸೋಫ್ಲುರೇನ್ ಒಡೆಯುವುದು ಶೇ. 0.2. ಡೆಸ್‌ಫ್ಲುರೇನ್ ಶೇ. 0.02.

7
ಮಕ್ಕಳ ಲಿವರೂ ಹ್ಯಾಲೋಥೇನನ್ನು ಒಡೆಯುತ್ತದೆ. ಸುಟ್ಟಗಾಯದ ಮಕ್ಕಳಿಗೆ ಡ್ರೆಸ್ಸಿಂಗ್ ಬದಲಿಸುವಾಗೆಲ್ಲ ಹ್ಯಾಲೋಥೇನ್ ಕೊಟ್ಟದ್ದುಂಟು. ಆದರೂ ಕಾಮಾಲೆ ಎಂಬತ್ತು ಸಾವಿರಕ್ಕೋ ಎರಡು ಲಕ್ಷಕ್ಕೋ ಒಬ್ಬರಿಗೆ.

8
ಹಾಗೆ ಕಾಮಾಲೆಯಾದ ಮಕ್ಕಳ ರಕ್ತದಲ್ಲಿ ಸಿಕ್ಕಿದ್ದು ದೊಡ್ಡವರಲ್ಲಿ ಸಿಕ್ಕಂಥ, ಲಿವರಿನ ಪ್ರೋಟೀನಿನ ಮೇಲೆ ಬೀಳುವ ಪ್ರತಿಕಾಯಗಳೇ. ಉಳಿದ ಮಕ್ಕಳನ್ನು ಕಾಯ್ದದ್ದೇನು?

9
ಮಾಸ್ಕಿನಿಂದ ಸೋರುವ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದವರು ಮಕ್ಕಳ ಅರಿವಳಿಕೆ ವೈದ್ಯರು. ಅವರ ರಕ್ತ ಪರೀಕ್ಷಿಸಿದಾಗ ಕೆಲವರಲ್ಲಿ ಇಂಥ ಪ್ರತಿಕಾಯಗಳಿದ್ದವು. ಬಹುಪಾಲು ಜನರಿಗೆ ಲಿವರ್ ತೊಂದರೆ ಇರಲಿಲ್ಲ. ಇದನ್ನು ಎರಡು ಸಲ ಓದಿದೆ.

10
ಮಕ್ಕಳಿಗೆ ಈಗ ಹೆಚ್ಚಾಗಿ ಕೊಡುವ ಅರಿವಳಿಕೆ ಸೆವೊಫ್ಲುರೇನ್. ಒಡೆಯುವುದು ಶೇ. 2ರಿಂದ 5. ಐಸೋಫ್ಲುರೇನಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಹ್ಯಾಲೋಥೇನಿನ ಆ ಅಂಟುವ ಚೂರು ಇದರಿಂದ ಹುಟ್ಟುವುದಿಲ್ಲ.

11
ಆಪರೇಷನ್ ಆದ ಮಗುವಿನ ರಕ್ತದಲ್ಲಿ ಲಿವರಿನ ಕಿಣ್ವ ಎಸ್‌ಜಿಪಿಟಿ ಏರಿದರೆ ವೈದ್ಯರು ಮೊದಲು ನೋಡುವುದು ಸೋಂಕು, ಕುಸಿದ ರಕ್ತದೊತ್ತಡ, ಪ್ಯಾರಾಸಿಟಮಾಲ್. ಅರಿವಳಿಕೆಯ ಸರದಿ ಕೊನೆಗೆ.

12
ನಾನು ನೋಡಿದ ಡಿಸ್ಚಾರ್ಜ್ ಚೀಟಿಗಳಲ್ಲಿ ಮಾತ್ರೆಯ ಹೆಸರು, ಹೊಲಿಗೆ ಬಿಚ್ಚುವ ದಿನ ಎಲ್ಲ ಇತ್ತು. ಅರಿವಳಿಕೆಗೆ ‘ಜಿ.ಎ.’ (ಜನರಲ್ ಅನಸ್ತೇಶಿಯಾ) ಎಂಬ ಎರಡೇ ಅಕ್ಷರ. ಯಾವ ಗ್ಯಾಸ್ ಎಂದು ಬರೆದಿರಲಿಲ್ಲ.