ಶಾಲು ಬೇಡ, ಶನಿವಾರ ಬನ್ನಿ

ನಮ್ಮ ಕಡೆ ಶಾಲೆಗೆ ದೊಡ್ಡವರನ್ನು ಕರೆದರೆ ಅವರು ಬರುವುದು ಭಾಷಣ ಮಾಡಲಿಕ್ಕೆ. ಕರೆಯುವವರಿಗೂ ಅದೇ ಬೇಕು. ವೇದಿಕೆ, ಪ್ರಾರ್ಥನೆ, ಸ್ವಾಗತ, ಶಾಲು, ಹಣ್ಣಿನ ಬುಟ್ಟಿ, ಕೊನೆಗೆ ವಂದನಾರ್ಪಣೆ. ಮಕ್ಕಳು ಸಾಲಾಗಿ ನೆಲದ ಮೇಲೆ ಕೂತು, ಯಾವಾಗ ಚಪ್ಪಾಳೆ ತಟ್ಟಬೇಕೋ ಎಂದು ಮಾಸ್ತರರ ಮುಖವನ್ನೇ ನೋಡುತ್ತಿರುತ್ತಾರೆ. ಇಂಥ ಊರಿನಲ್ಲಿ ಒಂಬತ್ತನೇ ತರಗತಿಯ ಆರೇಳು ಮಕ್ಕಳಿಗೆ ವ್ಯಾಪಾರದ ದಾರಿ ತೋರಿಸುವವರನ್ನು ಹುಡುಕಿದ ಕತೆ ಇದು. ಮಳೆಗಾಲದ ಸಂಜೆ ಬಚ್ಚಲೊಲೆ ಮುಂದೆ ಚಳಿ ಕಾಯಿಸುತ್ತ ಕೂತರೆ ಮನೆಯ ಹುಡುಗರು ನನ್ನಿಂದ ಇದನ್ನು ಮತ್ತೆ ಮತ್ತೆ ಹೇಳಿಸುತ್ತಾರೆ. ಅವರಿಗೆ ಇಷ್ಟ ಕೊನೆಯ ಜಗಳ. ನನಗೆ ಇಷ್ಟ ನಡುವಿನ ಲೆಕ್ಕ.

ಶಿರಸಿ ಸೀಮೆಯ, ಸುತ್ತ ಅಡಿಕೆ ತೋಟವಿರುವ ಒಂದು ಸಣ್ಣ ಹೈಸ್ಕೂಲು. 2018ರ ಚಳಿಗಾಲ. ಎಲ್ಲ ಕಡೆ ಮಾಡುವ ಹಾಗೆ ನಾವೂ ಮಕ್ಕಳ ಸಂತೆ ಮಾಡಿದ್ದೆವು. ಬಸಳೆ, ಗೆಣಸು, ನಿಂಬೆಹಣ್ಣು, ಮನೆಯಲ್ಲಿ ಕರಿದ ಚಕ್ಕುಲಿ. ಒಬ್ಬ ಹುಡುಗಿ ಮಾತ್ರ ಬದನೆ, ಮೆಣಸಿನ ಸಸಿ ತಂದಿದ್ದಳು. ಸಸಿಗಿಂತ ಹೆಚ್ಚಾಗಿ ಜನ ನೋಡಿದ್ದು ಅದನ್ನು ಇಟ್ಟಿದ್ದ ಕೊಟ್ಟೆಯನ್ನು. ಕಪ್ಪು ಪ್ಲಾಸ್ಟಿಕ್ ಕೊಟ್ಟೆಯ ಬದಲು ಅಡಿಕೆ ಹಾಳೆಯನ್ನು ಮಡಚಿ ಹೊಲಿದ ಕೊಟ್ಟೆ. ಬೇಸಿಗೆಯಲ್ಲಿ ಉದುರಿ, ಅಟ್ಟದ ಮೇಲೆ ಬಿದ್ದಿದ್ದ ಹಾಳೆಯಂತೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು 2016ರಲ್ಲೇ ನಿಷೇಧಿಸಿದ್ದರು. ನರ್ಸರಿಗಳಲ್ಲಿ ಕಪ್ಪು ಕೊಟ್ಟೆ ಮಾತ್ರ ರಾಶಿ ರಾಶಿ ಕಾಣುತ್ತಿತ್ತು. ಸಂತೆ ಮುಗಿಯುವ ಮೊದಲೇ ಅವಳ ಸಸಿ ಖಾಲಿ.

ಕೆಲವು ದಿನ ಕಳೆಯಿತು. ದೂರು ಬರತೊಡಗಿತು. ಒಬ್ಬರ ಮನೆಯಲ್ಲಿ ಹೊಲಿಗೆ ಬಿಚ್ಚಿಕೊಂಡಿತ್ತು, ಇನ್ನೊಬ್ಬರ ಮನೆಯಲ್ಲಿ ಹಾಳೆಗೆ ಬೂಷ್ಟು ಹಿಡಿದಿತ್ತು. ಹುಡುಗಿ ಸ್ಟಾಫ್ ರೂಮಿಗೆ ಬಂದಳು, ಹಿಂದೆ ನಾಲ್ಕಾರು ಗೆಳೆಯರು. "ಅಕ್ಕೋರೇ, ಇದನ್ನ ಸರಿ ಮಾಡೂದು ಹ್ಯಾಂಗೆ? ಸರಿ ಮಾಡಿದ್ರೆ ಇದ್ರಲ್ಲಿ ದುಡ್ಡು ಹುಟ್ತದಾ?"

ನಾನು ವಿಜ್ಞಾನ ಹೇಳಿಕೊಡುವವಳು. ಬೂಷ್ಟು ಯಾಕೆ ಬರುತ್ತದೆಂದು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ, ಹಾಳೆಗೆ ಬರದಂತೆ ಮಾಡಲು ನನಗೆ ಬಾರದು. ದುಡ್ಡಿನ ಪ್ರಶ್ನೆಯಂತೂ ಸ್ಟಾಫ್ ರೂಮಿನಲ್ಲಿ ಯಾರ ಪಾಲಿಗೂ ಸೇರಿದ್ದಲ್ಲ; ತಿಂಗಳಿಗೊಮ್ಮೆ ಸಂಬಳ ಬರುವವರು ನಾವು.

ತಾಲ್ಲೂಕಿನ ಇನ್ನೊಂದು ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಿತ್ತು. ನೀತಿ ಆಯೋಗ 2016ರಲ್ಲಿ ಶುರುಮಾಡಿದ ಯೋಜನೆ ಅದು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ ಅನುದಾನ. ಅದರ ಜೊತೆಗೆ, ಪರಿಣತರು ಸಂಬಳವಿಲ್ಲದೆ ವಾರಕ್ಕೆ ಒಂದೆರಡು ತಾಸು ಮಕ್ಕಳ ಜೊತೆ ಕೂರುವ ವ್ಯವಸ್ಥೆಯನ್ನೂ 2017ರಲ್ಲಿ ಮಾಡಿದ್ದರು. ಮೆಂಟರ್ ಅನ್ನುತ್ತಾರೆ ಅವರನ್ನು. ನನಗೆ ತುಂಬ ಹಿಡಿಸಿದ ಯೋಚನೆ. ನಮಗೆ ಲ್ಯಾಬೂ ಇರಲಿಲ್ಲ, ಮೆಂಟರೂ ಇರಲಿಲ್ಲ. ಇಂಥ ಕೆಲಸಕ್ಕೆ ಮನಸ್ಸಿರುವ ಎಂಜಿನಿಯರುಗಳು ಬೆಂಗಳೂರಿನಲ್ಲಿ ಗಲ್ಲಿಗೊಬ್ಬರು ಸಿಗಬಹುದು. ಅವರಿಗೂ ನಮಗೂ ನಡುವೆ 400 ಕಿಲೋಮೀಟರ್ ದಾರಿ, ಮಳೆ ಬಂದರೆ ಹೋಗುವ ಕರೆಂಟು.

ಮೊದಲು ಆದದ್ದು ವಾಡಿಕೆಯಂತೆ ಆಗುವುದೇ. ಉದ್ಯಮಶೀಲತೆಯ ಬಗ್ಗೆ ಒಂದು ಕಾರ್ಯಕ್ರಮ ಇಟ್ಟುಕೊಂಡೆವು. ಅತಿಥಿಗಳು ಒಳ್ಳೆಯವರು, ದೂರದಿಂದ ಸ್ವಂತ ಖರ್ಚಿನಲ್ಲಿ ಬಂದಿದ್ದರು. 1981ರಲ್ಲಿ ಸುಧಾ ಮೂರ್ತಿ ಗಂಡನ ಕೈಗೆ 10,000 ರೂಪಾಯಿ ಕೊಟ್ಟು ಇನ್ಫೋಸಿಸ್ ಶುರುವಾದ ಕತೆಯನ್ನು ಸೊಗಸಾಗಿ ಹೇಳಿದರು. ಇಂಥ ಭಾಷಣಗಳಲ್ಲಿ ಆ 10,000 ಬಂದೇ ಬರುತ್ತದೆ. ಕತೆ ನಿಜವೇ. ಆದರೆ ಹೊಲಿಗೆ ಬಿಚ್ಚಿದ ಕೊಟ್ಟೆಯನ್ನು ಲಂಗದ ಮರೆಯಲ್ಲಿ ಹಿಡಿದುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ ಹುಡುಗಿಗೆ ಅದನ್ನು ತೋರಿಸಲು ಜಾಗ ಸಿಗಲಿಲ್ಲ. ವಂದನಾರ್ಪಣೆಯ ನಂತರ ರಾಷ್ಟ್ರಗೀತೆ, ರಾಷ್ಟ್ರಗೀತೆಯ ನಂತರ ಊಟ.

ಆ ಊಟ ಬಡಿಸುತ್ತಿದ್ದ ಬಿಸಿಯೂಟದ ಅಕ್ಕ ನನ್ನ ಮುಖ ನೋಡಿ ವಿಷಯ ಕೇಳಿದರು. ಹೇಳಿದೆ. ಅವರು ಸಾರಿನ ಸೌಟು ಕೆಳಗಿಡದೆ ಅಂದರು: "ಅಲ್ರೀ ಅಕ್ಕೋರೇ, ನಮ್ಮನೆ ಬಾವಿ ಮೋಟಾರು ಕೆಟ್ರೆ 'ಬಂದು ಮಾರ್ಗದರ್ಶನ ಮಾಡಿ' ಅಂತ ಯಾರಿಗಾದ್ರೂ ಪತ್ರ ಬರೀತೇವಾ? ಮೋಟಾರು ಕೆಟ್ಟದೆ, ಬಾರಾ ಅಂತೇವೆ. ಅವ ಪಕ್ಕಡ್ ಹಿಡ್ಕಂಡೇ ಬರ್ತಾನೆ."

ಮಾರನೆಯ ವಾರದಿಂದ ಆಮಂತ್ರಣ ಪತ್ರ ಬರೆಯುವುದು ನಿಂತಿತು, ಚೀಟಿ ಬರೆಯುವುದು ಶುರುವಾಯಿತು. ಚೀಟಿಯನ್ನು ಮಕ್ಕಳೇ ಬರೆಯಬೇಕು. ಒಂದು ಚೀಟಿಗೆ ಒಂದೇ ಪ್ರಶ್ನೆ. ಕೆಳಗೆ: "ಗೊತ್ತಿದ್ದವರು ಶನಿವಾರ ಮಧ್ಯಾಹ್ನ ಒಂದು ತಾಸು ಶಾಲೆಗೆ ಬನ್ನಿ. ಕಾರ್ಯಕ್ರಮ ಇರುವುದಿಲ್ಲ." ಸೊಸೈಟಿಯ ಬಾಗಿಲು, ಹಾಲಿನ ಡೈರಿ, ಕಿರಾಣಿ ಅಂಗಡಿ, ಬಸ್ ಸ್ಟ್ಯಾಂಡಿನ ಹೋಟೆಲ್ಲು, ಎಲ್ಲ ಕಡೆ ಅಂಟಿಸಿದರು. "ವ್ಯಾಪಾರ ಮಾಡುವುದು ಹೇಗೆ?" ಎಂದು ಒಬ್ಬ ಹುಡುಗ ಬರೆದ ಚೀಟಿಗೆ ಯಾರೂ ಬರಲಿಲ್ಲ. "ಅಡಿಕೆ ಹಾಳೆಗೆ ಬೂಷ್ಟು ಬರುತ್ತದೆ, ಏನು ಮಾಡಬೇಕು?" ಎಂಬ ಚೀಟಿಗೆ ಆ ಶನಿವಾರವೇ ಒಬ್ಬರು ಬೈಕ್ ನಿಲ್ಲಿಸಿದರು.

ಅವರದು ಹಾಳೆ ತಟ್ಟೆ ಮಾಡುವ ಸಣ್ಣ ಘಟಕ. ಉಜಿರೆಯ ರುಡ್‌ಸೆಟ್ ಸಂಸ್ಥೆಯಲ್ಲಿ ತರಬೇತಿ ಪಡೆದವರು. ಧರ್ಮಸ್ಥಳದವರೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಸೇರಿ 1982ರಲ್ಲಿ ಕಟ್ಟಿದ ಸಂಸ್ಥೆ. ಕೆಲಸವಿಲ್ಲದ ಹಳ್ಳಿ ಹುಡುಗರಿಗೆ ಉಚಿತವಾಗಿ ಸ್ವಂತ ಉದ್ಯೋಗ ಕಲಿಸುತ್ತದೆ. ಅಲ್ಲಿ ಕಲಿತದ್ದಕ್ಕಿಂತ, ಕಲಿತು ಬಂದ ಮೇಲೆ "ಏನಾಯಿತಪ್ಪ ನಿನ್ನ ಕೆಲಸ" ಎಂದು ಅಲ್ಲಿಯವರು ವಿಚಾರಿಸುತ್ತಿದ್ದುದೇ ತನ್ನನ್ನು ಉಳಿಸಿತು ಎಂದರು. ಅವರು ಕೊಟ್ಟೆಯನ್ನು ತಿರುಗಿಸಿ ನೋಡಿ ಕೇಳಿದ ಮೊದಲ ಮಾತು:

"ಹೊಲಿದದ್ದು ಎಂಥದ್ರಲ್ಲಿ ತಂಗೀ?"

"ನೂಲಲ್ಲಿ."

"ನೀರು ಹಾಕೂ ಕೊಟ್ಟೆಗೆ ನೂಲು! ನಿನ್ನ ಅಜ್ಜ ಎಂಥದ್ರಲ್ಲಿ ಹೊಲೀತಿದ್ದ, ಕೇಳಿದ್ಯಾ?"

ಮರುದಿನ ಕೇಳಿಕೊಂಡು ಬಂದಳು: ಬಿದಿರಿನ ಕಡ್ಡಿ. ಅಲ್ಲಿಗೆ ಹೊಲಿಗೆಯ ಸಮಸ್ಯೆ ಮುಗಿಯಿತು. ಬೂಷ್ಟಿನದು ಅಷ್ಟು ಸುಲಭವಿರಲಿಲ್ಲ. ಹಾಳೆಯನ್ನು ಬ್ರಷ್ ಹಾಕಿ ತಿಕ್ಕಿ ತೊಳೆಯಬೇಕು, ಮಡಚಲು ಬೇಕಾದಷ್ಟೇ ನೆನೆಸಬೇಕು, ಮಡಚಿದ ಮೇಲೆ ಪೂರ್ತಿ ಒಣಗಿಸದೆ ಒಂದರೊಳಗೊಂದು ಪೇರಿಸಬಾರದು. ಒಂದು ಮಳೆಗಾಲದಲ್ಲಿ ತನ್ನ ತಟ್ಟೆಗಳ ಇಡೀ ದಾಸ್ತಾನು ಹೇಗೆ ಹಾಳಾಯಿತೆಂದು ಆ ಮನುಷ್ಯ ಮುಚ್ಚುಮರೆಯಿಲ್ಲದೆ ಹೇಳಿದಾಗ ಮಕ್ಕಳು ಬಾಯಿ ಬಿಟ್ಟು ಕೇಳಿದರು. ಗೆದ್ದವರು ಸೋತದ್ದನ್ನು ಹೇಳುವುದು ವೇದಿಕೆಯ ಮೇಲೆ ಕಡಿಮೆ. ಜಗಲಿಯಲ್ಲಿ ಕೂತರೆ ಹೇಳುತ್ತಾರೆ.

ನರ್ಸರಿಯವರೊಬ್ಬರು ಬಂದರು. ಅವರು ನಿಷ್ಠುರದವರು. "ಕಾಳುಮೆಣಸಿನ ಬಳ್ಳಿ, ಅಡಿಕೆ ಸಸಿ ಕೊಟ್ಟೆಯಲ್ಲಿ ತಿಂಗಳುಗಟ್ಟಲೆ ಇರ್ತವೆ. ಅಷ್ಟು ದಿನ ಇದು ತಡೆಯೂದಿಲ್ಲ. ತರಕಾರಿ ಸಸಿಗೆ ಆದ್ರೆ ಆಗ್ತದೆ, ಕೊಟ್ಟೆ ಸಮೇತ ಮಣ್ಣಿಗೆ ಹಾಕ್ಬಹುದು, ಬೇರು ಅಲುಗೂದಿಲ್ಲ." ಮಕ್ಕಳ ಮುಖ ಸಣ್ಣಗಾಯಿತು. ಜಿಲ್ಲೆಯ ನರ್ಸರಿಗಳಿಗೆಲ್ಲ ಮಾರುವ ಲೆಕ್ಕ ಹಾಕಿಟ್ಟಿದ್ದರು ಅವರು.

ಇನ್ನು ಲೆಕ್ಕ. ಸಹಕಾರಿ ಸಂಘಗಳಿಗೆ ನಮ್ಮ ಸೀಮೆ ಹೆಸರಾದದ್ದು. ಶಿರಸಿಯ ತೋಟಗಾರ್ಸ್ ಸೊಸೈಟಿ 1923ರಷ್ಟು ಹಳೆಯದು. ಹಾಗಾಗಿ ಊರೂರಿನಲ್ಲೂ ಕಿರ್ದಿ, ಖಾತೆ ಬರೆದು ನಿವೃತ್ತರಾದ ಒಬ್ಬರಾದರೂ ಇರುತ್ತಾರೆ. "ಒಂದು ಕೊಟ್ಟೆಗೆ ಎಷ್ಟು ರೇಟು ಇಡಬೇಕು?" ಎಂಬ ಚೀಟಿ ನೋಡಿ ಬಂದವರು ಅಂಥವರು. ಮಕ್ಕಳು ಐದು ರೂಪಾಯಿ ಅಂದುಕೊಂಡಿದ್ದರು. ಖರ್ಚೇ ಇಲ್ಲವಲ್ಲ, ಐದಕ್ಕೆ ಐದೂ ಲಾಭ.

"ಹಾಳೆ?" ಎಂದರು ಅವರು.

"ನಮ್ಮನೆ ತೋಟದ್ದೇ."

"ಹೆಕ್ಕಿದವರು ಯಾರು?"

"ಆಯಿ."

"ತೊಳೆದವರು?"

"ನಾವು."

"ನೀವು ಆ ಹೊತ್ತಿಗೆ ಬೇರೆ ಕಡೆ ಕೂಲಿಗೆ ಹೋಗಿದ್ರೆ?"

ಯಾರೂ ಮಾತಾಡಲಿಲ್ಲ. ಗಡಿಯಾರ ಇಟ್ಟುಕೊಂಡು ಒಂದೊಂದು ಕೊಟ್ಟೆಗೆ ಎಷ್ಟು ನಿಮಿಷ ಹಿಡಿಯುತ್ತದೆಂದು ಬರೆದು ತನ್ನಿ ಎಂದು ಹೇಳಿ ಎದ್ದು ಹೋದರು. ಉತ್ತರ ಹೇಳಿ ಹೋಗಲಿಲ್ಲ ಎಂಬುದೇ ನನಗೆ ದೊಡ್ಡದಾಗಿ ಕಂಡಿತು. ಬರೆದು ತಂದಾಗ ಗೊತ್ತಾಯಿತು: ಆಯಿಯ ಕೂಲಿಯನ್ನೂ ತಮ್ಮದನ್ನೂ ಹಿಡಿದರೆ ಐದು ರೂಪಾಯಿಗೆ ಮಾರುವುದು ಕೈಯಿಂದ ದುಡ್ಡು ಕೊಟ್ಟು ಕೊಟ್ಟೆಯನ್ನೂ ಕೊಟ್ಟಂತೆ. ಆ ರಾತ್ರಿ ಒಬ್ಬ ಹುಡುಗ ಮನೆಯಲ್ಲಿ ಅಪ್ಪನ ಬಳಿ "ಆಯಿಯ ಕೂಲಿ ನಮ್ಮನೆ ಲೆಕ್ಕದಲ್ಲಿ ಎಲ್ಲುಂಟು" ಎಂದು ಕೇಳಿದನಂತೆ. ಅಪ್ಪ ನನ್ನ ಮೇಲೆ ಸ್ವಲ್ಪ ಸಿಟ್ಟಾಗಿದ್ದರು.

ಬೆಂಗಳೂರಿನ ಎಂಜಿನಿಯರ್ ಒಬ್ಬರೂ ಸಿಕ್ಕರು, ಊರಿನವರೇ, ಹಬ್ಬಕ್ಕೆ ಬಂದವರು. ಒಂದೇ ಅಳತೆಯಲ್ಲಿ ಮಡಚಲು ಮರದ ಅಚ್ಚು ಬೇಕಿತ್ತು. ಅವರು ಲ್ಯಾಪ್‌ಟಾಪ್ ತೆರೆದು ತಾವೇ ಚಿತ್ರ ಬರೆದರು, ತಾವೇ ಅಳತೆ ಹಾಕಿದರು. ಮಕ್ಕಳು ಮತ್ತೆ ಸಾಲಾಗಿ ಕೂತು ನೋಡತೊಡಗಿದರು. ಹುಡುಗಿ ಮೆಲ್ಲಗೆ "ಸರ್, ನಾವೇ ಒಂದು ಸಲ ಮಾಡಿ ನೋಡ್ತೇವೆ, ತಪ್ಪಾದ್ರೆ ಹೇಳಿ" ಎಂದಳು. ಅವರು ನಕ್ಕು ಲ್ಯಾಪ್‌ಟಾಪ್ ಮುಚ್ಚಿದರು. ಬೆಂಗಳೂರಿಗೆ ಹೋದ ಮೇಲೂ ಫೋನಿನಲ್ಲಿ ಸಿಗುತ್ತಿದ್ದರು, ನಾವು ಗುಡ್ಡ ಹತ್ತಿ ನೆಟ್‌ವರ್ಕ್ ಹಿಡಿದ ದಿನ.

ಬರುವವರಿಗೆ ನಾವೂ ಕೆಲವು ಕಟ್ಟು ಮಾಡಿದ್ದೆವು. ಮಾತುಕತೆ ಶಾಲೆಯ ಜಗಲಿಯಲ್ಲೇ, ಒಬ್ಬ ಶಿಕ್ಷಕರು ಕಡ್ಡಾಯವಾಗಿ ಜೊತೆಗೆ. ಮಕ್ಕಳ ಫೋನ್ ನಂಬರ್ ಯಾರಿಗೂ ಇಲ್ಲ, ಕರೆ ಬರುವುದು ನನ್ನ ಫೋನಿಗೆ. ಪಾಲಕರ ಒಪ್ಪಿಗೆ ಬರಹದಲ್ಲಿ. ತಮ್ಮ ಸರಕನ್ನು ಮಕ್ಕಳ ಕೈಲಿ ಮಾರಿಸುವ ಆಸೆಯಿಂದ ಬಂದ ಒಬ್ಬರನ್ನು ಚಹಾ ಕೊಟ್ಟು ಕಳಿಸಿದೆವು. ಒಳ್ಳೆಯವರಿಗೆ ಈ ಕಟ್ಟುಗಳಿಂದ ಬೇಸರವಾಗಲಿಲ್ಲ.

ಮುಂದೆ 2021ರಲ್ಲಿ ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 'ಬಿಸಿನೆಸ್ ಬ್ಲಾಸ್ಟರ್ಸ್' ಎಂದು ಶುರುಮಾಡಿ, ಮಕ್ಕಳಿಗೆ ತಲಾ 2,000 ರೂಪಾಯಿ ಬಂಡವಾಳ ಕೊಟ್ಟರೆಂದು ಓದಿದಾಗ ಹೊಟ್ಟೆಕಿಚ್ಚಾದದ್ದು ನಿಜ. ನಮ್ಮ ಬಂಡವಾಳ ಸಂತೆಯ ಗಲ್ಲಾಪೆಟ್ಟಿಗೆಯ ಚಿಲ್ಲರೆ.

ಇನ್ನು ಜಗಳ. ಬೇಸಿಗೆ ರಜೆಯ ಮೊದಲು, ಕೊಟ್ಟೆಗೆ ಎಂಟು ರೂಪಾಯಿಯಂತೆ ಮಾರಿ ಬಂದ ಹಣ ಹಂಚಬೇಕಿತ್ತು. ಹುಡುಗರು ಸಮಪಾಲು ಅಂದರು. ಹೆಚ್ಚು ಕೊಟ್ಟೆ ಹೊಲಿದವಳು ಕೊಟ್ಟೆಯ ಲೆಕ್ಕದಲ್ಲಿ ಅಂದಳು. ಗುಡ್ಡ ಹತ್ತಿ ಗಿರಾಕಿಗಳಿಗೆ ಫೋನ್ ಮಾಡಿದವನು ತನ್ನ ಓಡಾಟಕ್ಕೆ ಬೆಲೆಯಿಲ್ಲವೇ ಎಂದು ಕಣ್ಣೀರು ಹಾಕಿದ. ಜಗಲಿ ಇಡೀ ಗದ್ದಲ. ಸೊಸೈಟಿಯ ಹಿರಿಯರನ್ನು ಪಂಚಾಯ್ತಿಗೆ ಕರೆದರೆ, "ನಿಮ್ಮ ಕಿರ್ದಿಯಲ್ಲಿ ಏನು ಬರೆದದೆಯೋ ಅದನ್ನೇ ಕೇಳ್ರೋ, ನನ್ನ ಕೇಳ್ಬೇಡಿ" ಎಂದು ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂತರು. ಕಿರ್ದಿಯಲ್ಲಿ ನಿಮಿಷಗಳಿದ್ದವು. ಹೊಲಿದ ನಿಮಿಷ, ತೊಳೆದ ನಿಮಿಷ, ಫೋನ್ ಮಾಡಿದ ನಿಮಿಷ. ಕತ್ತಲಾಗುವಷ್ಟರಲ್ಲಿ ಹಂಚಿ ಮುಗಿಯಿತು, ಆಯಿಯ ಪಾಲು ಬೇರೆ ಲಕೋಟೆಯಲ್ಲಿ.

ಮರುವರ್ಷ ಅವರು ಎಸ್ಸೆಸ್ಸೆಲ್ಸಿ. ಮನೆಯವರು ಕೊಟ್ಟೆ ಕೆಲಸ ಸಾಕು ಎಂದರು, ಮಕ್ಕಳೂ ಬಿಟ್ಟರು. ಆದರೆ ಜೂನ್ ತಿಂಗಳ ಎರಡನೇ ವಾರ ಹೊಸ ಒಂಬತ್ತನೇ ತರಗತಿಯವರು ಸೊಸೈಟಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: "ಜೇನುಪೆಟ್ಟಿಗೆಗೆ ಇರುವೆ ಹತ್ತುತ್ತವೆ. ಗೊತ್ತಿದ್ದವರು ಶನಿವಾರ ಬನ್ನಿ." ಆ ಶನಿವಾರ ಇಬ್ಬರು ಬಂದರು. ಇಬ್ಬರ ಉಪಾಯವೂ ಬೇರೆ ಬೇರೆ. ಯಾರದು ಸರಿ ಎಂದು ಅವರಿಬ್ಬರೇ ವಾದಕ್ಕೆ ನಿಂತರು, ಮಕ್ಕಳು ಎರಡು ಪೆಟ್ಟಿಗೆ ತರಲು ಓಡಿದರು.