ದೇವರ ವಕೀಲರು

ದೇವರಿಲ್ಲ ಎನ್ನುವವರಿಂದ ದೇವರಿಗೆ ಅಂಥ ತೊಂದರೆಯೇನಿಲ್ಲ. ಅವನ ತಲೆನೋವೆಲ್ಲ ಅವನ ಪರವಾಗಿ ವಾದಕ್ಕೆ ನಿಲ್ಲುವವರದು.

ಅವರಲ್ಲಿ ಹಿರಿಯ, 10ನೇ ಶತಮಾನದ ಉದಯನಾಚಾರ್ಯ. ಮಿಥಿಲೆಯ ನೈಯಾಯಿಕ, ಅಂದರೆ ತರ್ಕವೇ ಕಸುಬು. ದೇವರಿದ್ದಾನೆಂದು ಸಾಧಿಸಲಿಕ್ಕೆಂದೇ 'ನ್ಯಾಯಕುಸುಮಾಂಜಲಿ' ಬರೆದ. ಹೆಸರಿನಲ್ಲಷ್ಟೇ ಹೂವು, ಓದಲು ಕೂತವರಿಗೆ ಸಿಗುವುದೆಲ್ಲ ಮುಳ್ಳು. ಅದರ ಒಂದು ವಾದ ಮಾತ್ರ ಸಲೀಸು: ಮಡಕೆಗೆ ಕುಂಬಾರ ಬೇಕು, ಜಗತ್ತೂ ಹಾಗೇ ಆದದ್ದು, ಅದಕ್ಕೂ ಒಬ್ಬ ಕರ್ತ ಬೇಕು. ಎದುರಿಗೆ ಬೌದ್ಧರಿದ್ದರು. ಅವರು ನೇರ ಎದುರಾಳಿಗಳು, ಬಿಡಿ. ಮೀಮಾಂಸಕರನ್ನು ನೋಡಿ! ವೇದ ಬೇಕು, ಯಜ್ಞ ಬೇಕು, ಸ್ವರ್ಗವೂ ಬೇಕು. ಜಗತ್ತು ಮಾಡಿದ ದೇವರು ಮಾತ್ರ ಬೇಡ.

ಇಂಥವರೊಡನೆಲ್ಲ ಗುದ್ದಾಡಿ ಉದಯನ ಪುರಿಗೆ ಹೋದರೆ ಜಗನ್ನಾಥನ ಗುಡಿಯ ಬಾಗಿಲು ಹಾಕಿತ್ತಂತೆ. (ಕಥೆ ಇದು, ದಾಖಲೆ ಕೇಳಬೇಡಿ.) ನಾವಾದರೆ ಹೊರಗಿನಿಂದಲೇ ಕೈಮುಗಿದು ಪ್ರಸಾದದ ಅಂಗಡಿ ಹುಡುಕುತ್ತಿದ್ದೆವು. ಉದಯನ ರೇಗಿದ. ಬೌದ್ಧರು ಮೇಲೆ ಬಿದ್ದಾಗ ನಿನ್ನನ್ನು ಉಳಿಸುವವನು ನಾನು ಎಂದು ಸ್ವಾಮಿಗೇ ನೆನಪಿಸಿದನಂತೆ. ಕಕ್ಷಿದಾರನ ಮನೆಬಾಗಿಲಲ್ಲಿ ಫೀಜಿಗೆ ನಿಂತ ವಕೀಲನ ಗತ್ತು! ನನಗಂತೂ ಆ ಸಿಟ್ಟು ಇಷ್ಟ. ಇಲ್ಲದವನ ಮೇಲೆ ಅಷ್ಟು ಜೋರಾಗಿ ರೇಗಲಾದೀತೇ? ಕುಸುಮಾಂಜಲಿಯ ತರ್ಕಕ್ಕಿಂತ ಈ ಬೈಗುಳವೇ ಗಟ್ಟಿ ಪ್ರಮಾಣ.

ಆ ಮಡಕೆಗೆ ದೊಣ್ಣೆ ಬೀಸಿದವರಲ್ಲಿ ಯಾರಿದ್ದಾರೆ ಗೊತ್ತೇ? ಮೇಲುಕೋಟೆಯಲ್ಲಿ ಚೆಲುವನಾರಾಯಣನ ಸೇವೆಗೆ ನಿಂತ, ಅಯ್ಯಂಗಾರರು 'ಉಡೆಯವರು' ಎಂದು ಕರೆಯುವ ರಾಮಾನುಜಾಚಾರ್ಯರು. 'ಶ್ರೀಭಾಷ್ಯ'ದಲ್ಲಿ ಅವರ ತಕರಾರು ಹೀಗಿದೆ: ಇಷ್ಟು ದೊಡ್ಡ ಜಗತ್ತನ್ನು ಒಬ್ಬನೇ, ಒಂದೇ ಸಲಕ್ಕೆ ಮಾಡಿದನೆಂದು ಯಾವ ಲೆಕ್ಕದಲ್ಲಿ ಹೇಳುತ್ತೀರಿ? ಕಾಲಕಾಲಕ್ಕೆ ಬೇರೆ ಬೇರೆಯವರು ಮಾಡಿರಬಾರದೇಕೆ? ನಾವು ಕಂಡ ಕರ್ತೃಗಳಿಗೆಲ್ಲ ಮೈಯಿದೆಯಲ್ಲ, ಅದಕ್ಕೇನು ಹೇಳುತ್ತೀರಿ? ದೇವರನ್ನು ತಿಳಿಸುವುದು ಶಾಸ್ತ್ರವೊಂದೇ, ನಿಮ್ಮ ತರ್ಕದ ಅನುಮಾನಪ್ರಮಾಣ ಮನೆಯಲ್ಲೇ ಇಟ್ಟುಕೊಳ್ಳಿ ಎಂಬುದು ಅವರ ಧಾಟಿ. ನಾಸ್ತಿಕ ಇಷ್ಟು ಚೊಕ್ಕವಾಗಿ ಕೇಳಿದ್ದರೆ ಬೀದಿಯಲ್ಲಿ ಗಲಾಟೆಯಾಗುತ್ತಿತ್ತು.

ನಮ್ಮ ಬೀದಿಯಲ್ಲಿ ಆಗಿಯೂ ಹೋಯಿತು. ಪಕ್ಕದ ಮನೆಯ ಅಯ್ಯಂಗಾರ್ ಮಾಮ ಒಂದು ಸಂಜೆ ಗಡಿಯಾರ ಬಿಚ್ಚಿ ನನ್ನ ಮೂಗಿನ ಮುಂದೆ ಹಿಡಿದು, "ಇದು ತಾನಾಗೇ ಹುಟ್ತೇನೋ?" ಎಂದರು. ನಾನು ಭಾಷ್ಯದ ತಕರಾರುಗಳನ್ನು ಹೆಸರು ಹೇಳದೆ ಒಂದೊಂದಾಗಿ ಬಿಟ್ಟೆ. ಮಾಮ ಕೆಂಪಾದರು. "ಶುದ್ಧ ನಾಸ್ತಿಕ ನೀನು!"

"ಮಾಮ, ಇದು ಉಡೆಯವರ ಮಾತು."

ಗಡಿಯಾರವನ್ನು ನಿಧಾನವಾಗಿ ಕೈಗೆ ಕಟ್ಟಿಕೊಂಡರು. "ಉಡೆಯವರು ಹೇಳಿದ್ರೆ ಅದು ಭಾಷ್ಯ. ನೀನು ಹೇಳಿದ್ರೆ ಅಧಿಕಪ್ರಸಂಗ."