ಅಲೆ, ಅನ್ನ ಮತ್ತು ಅಂಗದ ಮೇಲಿನ ಲಿಂಗ

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ದೂರದೇಶಗಳಲ್ಲಿ ನೆಲೆಸಿರುವರು. ಅವರು ಹೊರಡುವ ಪ್ರವಾಸಗಳೂ ನಾವು ಕಂಡರಿಯದ ತೀರಗಳಿಗೆ. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಯುವಕನೊಬ್ಬನನ್ನು ಅವನ ಎಳವೆಯಿಂದಲೂ ನಾವು ಬಲ್ಲೆವು. ಅವನು ಈಚೆಗೆ ನಮಗೆ ಪತ್ರ ಬರೆದನು. ಮಧ್ಯ ಅಮೆರಿಕದ ಕೋಸ್ಟರಿಕ ದೇಶದ ಕೆರಿಬಿಯನ್ ಕರಾವಳಿಯಲ್ಲಿ ಪ್ವೆರ್ತೊ ವಿಯೆಹೊ ಎಂಬ ಊರು. ಹಗಲು ಹಲಗೆಯೇರಿ ಅಲೆಯ ಮೇಲೆ ಸಾಗುವ ಸರ್ಫಿಂಗ್ ಕ್ರೀಡೆ, ಸಂಜೆ ಆ ಸೀಮೆಯ ಊಟ, ಹೀಗೆ ಅಲ್ಲಿ ಎರಡು ವಾರ ಕಳೆಯುವುದು ಅವನ ಸಂಕಲ್ಪ. "ಗುರುಗಳೇ, ನೀರಿಗಿಳಿಯುವಾಗ ಇಷ್ಟಲಿಂಗವನ್ನು ಕೋಣೆಯಲ್ಲಿ ತೆಗೆದಿಡಬಹುದೇ?" ಎಂಬುದು ಅವನ ಪ್ರಶ್ನೆ. ಇತ್ತ ಅವನ ತಾಯಿಯವರೋ, ಈ ಪ್ರಯಾಣವನ್ನೇ ತಡೆಯಬೇಕೆಂದು ನಮ್ಮನ್ನು ಬೇಡಿಕೊಂಡರು.

ಕ್ರೀಡೆಯಲ್ಲಿ ದೋಷವೇನೂ ನಮಗೆ ಕಾಣದು. ನಮ್ಮ ಕರಾವಳಿಯ ಮೂಲ್ಕಿಯಲ್ಲಿ ಆಶ್ರಮವಾಸಿಗಳೇ ಇದನ್ನು ಕಲಿಸಿದ ಉದಾಹರಣೆಯುಂಟು. ಆದರೆ ಲಿಂಗವನ್ನು ಅಂಗದಿಂದ ಅಗಲಿಸಲಾಗದು. ಅದು ದೀಕ್ಷೆಯೊಂದಿಗೆ ಬಂದ ನಿಯಮ. ಆದುದರಿಂದ ನಾವು ಅವನಿಗೆ ಹೀಗೆ ಬರೆದೆವು: ಲಿಂಗವನ್ನು ವಸ್ತ್ರದಲ್ಲಿಟ್ಟು ಎದೆಗೆ ಬಿಗಿಯಾಗಿ ಕಟ್ಟಿಕೋ, ಅದರ ಮೇಲೆ ಮೈಗಂಟುವ ಅಂಗಿ ತೊಡು, ಲಿಂಗದೊಡನೆ ಇಳಿಯಲಾಗದಂಥ ನೀರಿಗೆ ಇಳಿಯಲೇಬೇಡ.

ಈ ಮಾತಿಗೆ ಅಲ್ಲಿ ವಿಶೇಷ ಅರ್ಥವಿದೆ. ಆ ಊರಿಗೆ ಹೆಸರು ತಂದ ಸಾಲ್ಸಾ ಬ್ರಾವಾ ಎಂಬ ಅಲೆ, ನೀರು ತೆಳುವಾಗಿರುವ ಹವಳದ ಬಂಡೆಯ ಮೇಲೆ ಮುರಿದು ಬೀಳುತ್ತದೆ. ನುರಿತವರಿಗೂ ಅಲ್ಲಿ ಗಾಯ ತಪ್ಪದು. 1991ರ ಏಪ್ರಿಲ್ 22ರ ಭೂಕಂಪವು ಆ ತೀರದ ಹವಳದ ದಂಡೆಯನ್ನು ಹಲವೆಡೆ ನೀರಿನಿಂದ ಮೇಲಕ್ಕೆತ್ತಿತ್ತು. ಕಲಿಯುವವರಿಗೆ ಕಪ್ಪು ಮರಳಿನ ಪ್ಲಾಯಾ ನೆಗ್ರಾ ಸೌಮ್ಯವಾದುದು. ಕೊಕ್ಲೆಸ್ ತೀರದ ತಳವು ಮರಳೇ ಆದರೂ, ಈಜುಗಾರನನ್ನು ಒಳಗಡಲಿಗೆ ಸೆಳೆದೊಯ್ಯುವ ಸೆಳವು ಅಲ್ಲಿದೆ. ಸೆಳವಿಗೆ ಸಿಕ್ಕವನು ಅದಕ್ಕೆದುರಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಸರಿದು ಹೊರಬರಬೇಕು.

ಕಾಲವನ್ನೂ ನೋಡಿ ಹೊರಡಬೇಕು. ದೊಡ್ಡ ಅಲೆಗಳು ಮುಖ್ಯವಾಗಿ ಡಿಸೆಂಬರಿನಿಂದ ಮಾರ್ಚಿಯವರೆಗೆ. ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ ಮಳೆ ಕಡಿಮೆ. ಆದರೆ ಕಡಲು ಕೆರೆಯಂತೆ ಶಾಂತವಾಗಿ ಅಲೆಯೇ ಏಳದು. ಅಲೆಯೂ ಬೇಕು, ಬಿಸಿಲೂ ಬೇಕೆನ್ನುವವರಿಗೆ ಫೆಬ್ರವರಿ, ಮಾರ್ಚಿ ಉತ್ತಮ. ರಾಜಧಾನಿ ಸಾನ್ ಹೊಸೆಯಿಂದ ಹೋಗುವ 200 ಕಿ.ಮೀ.ಗೂ ಮಿಗಿಲಾದ ರಸ್ತೆಯು ದಟ್ಟ ಕಾಡಿನ ಪರ್ವತಗಳನ್ನು ದಾಟುತ್ತದೆ. ಮಳೆಯಲ್ಲಿ ಗುಡ್ಡ ಜರಿದು ಮಾರ್ಗ ಮುಚ್ಚುವುದುಂಟು. ಆದ್ದರಿಂದ ಮರಳುವ ವಿಮಾನಕ್ಕೆ ಒಂದು ದಿನ ಮೊದಲೇ ರಾಜಧಾನಿ ಸೇರುವುದು ಜಾಣತನ.

ಇನ್ನು ಊಟದ ವಿಚಾರ. ಶಾಕಾಹಾರಿಗೆ ಅಲ್ಲಿ ಉಪವಾಸವೇ ಗತಿಯೆಂದು ತಾಯಿಯವರು ಮರುಗಿದ್ದರು. ಆ ಕರಾವಳಿಯ ಮುಖ್ಯ ಆಹಾರವೇ ತೆಂಗಿನ ಹಾಲಿನಲ್ಲಿ ಕಾಳಿನೊಡನೆ ಬೇಯಿಸಿದ ಅನ್ನ. ಇಡೀ ಮೆಣಸಿನಕಾಯಿಯೊಂದನ್ನು ಒಡೆಯದಂತೆ ಅದರಲ್ಲಿಟ್ಟು, ಘಮವನ್ನಷ್ಟೇ ಪಡೆದು ತೆಗೆಯುವರು. ಅಡುಗೆಗೆ ಮಾಂಸದ ಸಾರನ್ನಾಗಲಿ ಕೊಬ್ಬನ್ನಾಗಲಿ ಬೆರೆಸಿರುವರೇ ಎಂದು ಮಾತ್ರ ಕೇಳಿಕೊಳ್ಳಬೇಕು. ರೊಂಡೊನ್ ಎಂಬ ಗೆಡ್ಡೆಗೆಣಸಿನ ಸಾರಿನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಪ್ಲಾಂತಿಂತಾ ಎಂಬುದು ಬಾಳೆಹಣ್ಣಿನ ಹೂರಣ ತುಂಬಿದ ಕಡುಬು. ಅಲ್ಲಿಯ ಶುಂಠಿ, ನಿಂಬೆ, ಬೆಲ್ಲಗಳ ಪಾನೀಯವೋ ನಮ್ಮ ಪಾನಕವೇ ಸರಿ!

ಆದರೆ ಈ ಅನ್ನ ಆ ತೀರಕ್ಕೆ ಬಂದುದು ಹೇಗೆಂಬುದನ್ನು ಅರಿಯದೆ ಉಣ್ಣುವುದು ಶರಣರ ಮಾರ್ಗವಲ್ಲ. 1870ರ ದಶಕದಲ್ಲಿ ಲಿಮೋನ್ ಬಂದರಿನಿಂದ ರಾಜಧಾನಿಗೆ ರೈಲುಹಾದಿ ಹಾಕಲು ಜಮೈಕದಿಂದ ಕಾರ್ಮಿಕರನ್ನು ಕರೆತರಲಾಯಿತು. ಕಾಡಿನ ಜ್ವರಗಳಿಗೂ ಕಷ್ಟಗಳಿಗೂ ಸಹಸ್ರಾರು ಜೀವಗಳು ಬಲಿಯಾಗಿ, 1890ರಲ್ಲಿ ಹಾದಿ ಮುಗಿಯಿತು. ಮುಂದೆ ಅವರೂ ಅವರ ಮಕ್ಕಳೂ ಬಾಳೆತೋಟಗಳಲ್ಲಿ ದುಡಿದರು. 1934ರಲ್ಲಿ ಬಾಳೆ ವ್ಯವಸಾಯವು ಪೆಸಿಫಿಕ್ ತೀರಕ್ಕೆ ಸರಿದಾಗ, ಮೈಬಣ್ಣದ ಕಾರಣದಿಂದಲೇ ಕಾನೂನು ಅವರಿಗೆ ಅಲ್ಲಿ ಕೆಲಸ ನಿಷೇಧಿಸಿತು. ಅಲ್ಲಿ ಹುಟ್ಟಿಬೆಳೆದವರಿಗೂ ಪೌರತ್ವದ ಬಾಗಿಲು ಸರಿಯಾಗಿ ತೆರೆದುದು 1949ರ ಸುಮಾರಿಗೆ. ಮಣ್ಣಿಗೆ ಬೆವರು ಸುರಿಸಿದವರನ್ನು ಮಣ್ಣಿನವರಲ್ಲವೆಂದ ಆ ಅನ್ಯಾಯದ ನಡುವೆಯೂ ಅವರ ಹೆಣ್ಣುಮಕ್ಕಳು ತಮ್ಮ ಒಲೆಯನ್ನು ಆರಗೊಡಲಿಲ್ಲ. ಇಂದು ಪ್ರವಾಸಿಗಳು ರುಚಿಯೆಂದು ಅರಸಿಬರುವುದು ಆ ಒಲೆಯ ಅಡುಗೆಯನ್ನೇ.

ಬೆಟ್ಟಸೀಮೆಯ ಬ್ರಿಬ್ರಿ ಜನರ ನೆಲವೂ ಅಲ್ಲಿಗೆ ಸಮೀಪ. ಅವರಲ್ಲಿ ಕುಲದ ಎಣಿಕೆ ತಾಯಿಯ ಕಡೆಯಿಂದ. ಕೋಕೋ ಅವರಿಗೆ ಪವಿತ್ರ ಬೀಜ, ಅದರ ಪಾನೀಯವನ್ನು ಸಿದ್ಧಪಡಿಸುವುದು ಹೆಂಗಸರ ಹಕ್ಕು. ಅಂಥ ಮನೆಗಳಿಗೆ ಅನುಮತಿ ಕೇಳಿಯೇ ಹೋಗಬೇಕೆಂದೂ, ಅವರ ಆಚಾರವನ್ನು ಚಿತ್ರ ತೆಗೆಯುವ ವಿನೋದವಾಗಿ ಕಾಣಬಾರದೆಂದೂ ನಾವು ತಿಳಿಸಿದೆವು.

ತಾಯಿಯವರಿಗೆ ನಾವು ಹೇಳಿದುದಿಷ್ಟು: ಮಗನನ್ನು ಕಟ್ಟಿಹಾಕಬೇಡಿ, ತಾಯೀ, ಎದೆಯ ಮೇಲಿನ ಲಿಂಗದ ನೆನಪಿರುವವನು ಬಂಡೆಯ ಅಲೆಗೆ ಮೈಯೊಡ್ಡನು. ಮಗನಿಗೆ ಬರೆದುದು ಇನ್ನೊಂದು: ದೊಡ್ಡ ಹೋಟೆಲನ್ನು ಬಿಟ್ಟು ಆ ಸೀಮೆಯ ತಾಯಂದಿರು ನಡೆಸುವ ಸಣ್ಣ ಊಟದ ಮನೆಯಲ್ಲಿ ಉಣ್ಣು, ಬೆಲೆಯ ಬಗ್ಗೆ ಚೌಕಾಸಿ ಮಾಡಬೇಡ, ತಟ್ಟೆಯಲ್ಲಿ ಅಗುಳನ್ನೂ ಬಿಡಬೇಡ, ಕೊಟ್ಟದ್ದನ್ನು ಪ್ರಸಾದವೆಂದು ಸ್ವೀಕರಿಸು. ಅವರ ಕಾಯಕಕ್ಕೆ ನೀನು ಸಲ್ಲಿಸಬಹುದಾದ ಗೌರವ ಅದು. ಹೊರದೇಶಗಳಿಗೆ ಹೊರಡುವ ನಮ್ಮೆಲ್ಲ ಮನೆಗಳ ಮಕ್ಕಳಿಗೂ ಇದೇ ನಮ್ಮ ಅರಿಕೆ.